ಪಂಪಿಗೆ ಕೈ ಹಾಕುವ ಮುನ್ನ

ಗಾಡಿಯವನು: ಅಣ್ಣ, ಪಂಪ್ ಹೋಗ್ಬಿಟ್ಟದೆ ಅಂದ್ರು. ನೀವು ಬಿಚ್ಚಿಕೊಟ್ರೆ ಮೈಸೂರಿಗೆ ತಗಂಡೋಗಿ ರಿಪೇರಿ ಮಾಡಿಸ್ಕಂಡು ಬತ್ತೀನಿ.

ಮೆಕ್ಯಾನಿಕ್: ಯಾರಪ್ಪ ಅಂದೋರು?

ಗಾಡಿಯವನು: ನಿನ್ನೆ ಒಂದು ಗ್ಯಾರೇಜಲ್ಲಿ ತೋರಿಸ್ದೆ. ಸ್ಕ್ಯಾನರ್ ಹಾಕಿದ್ರು. ಪಿ0087 ಅಂತ ಬಂತು. ರೈಲ್ ಪ್ರೆಷರ್ ಲೋ. ಹೈ ಪ್ರೆಷರ್ ಪಂಪ್ ಹಾಕ್ಬೇಕು, ಇಂಜೆಕ್ಟರೂ ನೋಡ್ಬೇಕು, 60 ಸಾವಿರದ ಮೇಲಾಯ್ತದೆ ಅಂದ್ರು. ಶುಂಠಿ ಬಾಡಿಗೆ ನಡೀತಾ ಅದೆ. ಇನ್ನೇನು ಹೊಗೆಸೊಪ್ಪಿನ ಹರಾಜೂ ಶುರುವಾಯ್ತದೆ. ಈಗ ಗಾಡಿ ನಿಂತ್ರೆ ಕಂತು ಯಾರು ಕಟ್ತಾರೆ?

ಮೆಕ್ಯಾನಿಕ್: ಪಂಪ್ ಹೋಯ್ತು ಅಂತ ಸ್ಕ್ಯಾನರ್ ಹೇಳ್ಲಿಲ್ಲ ಕಣಪ್ಪ. ರೈಲಿನಲ್ಲಿ ಇರಬೇಕಾದಷ್ಟು ಪ್ರೆಷರ್ ಇಲ್ಲ ಅಂತ ಹೇಳ್ತು, ಅಷ್ಟೇ. ಯಾಕಿಲ್ಲ ಅನ್ನೋದನ್ನ ನಾವು ಹುಡುಕ್ಬೇಕು. ಗಾಡಿ ಹೆಂಗೆ ನಿಲ್ತು ಹೇಳು. ಒಂದೂ ಬಿಡದಂಗೆ ಹೇಳು.

ಗಾಡಿಯವನು: ಎಚ್.ಡಿ. ಕೋಟೆ ಕಡೆ ಅಂತರಸಂತೆ ಹತ್ರ ಹೊಲದಲ್ಲೇ ಶುಂಠಿ ತುಂಬಿಸ್ಕಂಡೆ. ಹ್ಯಾಂಡ್‌ಪೋಸ್ಟ್ ತನಕ ಸುಮಾರಾಗೇ ಬಂತು. ಆಮೇಲೆ ಏರು ಸಿಕ್ಕಿದ ಕಡೆ ಕಾಲು ಅದುಮಿದ್ರೂ ಎಳೀತಿಲ್ಲ. ಎಂಜಿನ್ ಲೈಟ್ ಹತ್ಕಂತು, ಗಾಡಿ ಮಂಕಾಯ್ತು. ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿ, ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದ್ರೆ ಏನೂ ಆಗಿಲ್ಲದಂಗೆ ಹೋಯ್ತು. ಮುಂದಿನ ಏರಲ್ಲಿ ಮತ್ತೆ ಅದೇ ಕತೆ.

ಮೆಕ್ಯಾನಿಕ್: ಖಾಲಿ ಗಾಡಿಗೆ?

ಗಾಡಿಯವನು: ಖಾಲಿ ಇದ್ರೆ ಗೊತ್ತೇ ಆಗಲ್ಲ.

ಮೆಕ್ಯಾನಿಕ್: ಬೆಳಿಗ್ಗೆ ಸ್ಟಾರ್ಟಿಂಗು?

ಗಾಡಿಯವನು: ಒಂದು ತಿಂಗಳಿಂದ ಕಷ್ಟ. ಸೆಲ್ಫ್ ಹೊಡೀತಾನೇ ಇರಬೇಕು. ಫಿಲ್ಟರ್ ಹತ್ರ ಇರೋ ಹ್ಯಾಂಡ್ ಪಂಪ್ ನಾಲ್ಕು ಸಲ ಒತ್ತಿದ್ರೆ ಮಾತ್ರ ತಕ್ಷಣ ಹಿಡ್ಕತದೆ.

ಮೆಕ್ಯಾನಿಕ್: ಓಡಿಸಿ ಬಂದು, ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ?

ಗಾಡಿಯವನು: ಒಂದೇ ಸಲಕ್ಕೆ ಆಯ್ತದೆ.

ಮೆಕ್ಯಾನಿಕ್: ಹಂಗಾದ್ರೆ ಪಂಪು ಬಿಚ್ಚೋದು ಬೇಡ. ನಿನ್ನ ಮಾತಲ್ಲೇ ಮುಕ್ಕಾಲು ಪಾಲು ಉತ್ತರ ಅದೆ.

ಈ ಮಾತುಕತೆ ಹುಣಸೂರಿನದು, ಮೈಸೂರು–ಮಡಿಕೇರಿ ಹೆದ್ದಾರಿಯ ಬದಿಯ ಒಂದು ಗ್ಯಾರೇಜಿನದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಪಿಕಪ್ ಗಾಡಿ ನಿಂತರೆ ಒಬ್ಬನ ದುಡಿಮೆ ಮಾತ್ರ ನಿಲ್ಲುವುದಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಬರಬೇಕು, ಬೇಲುಗಳು ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಸರದಿಯ ದಿನವೇ ಮುಟ್ಟಬೇಕು, ಕೋಟೆ ಕಡೆಯ ಬಾಳೆ, ಶುಂಠಿ ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆ ಸೇರಬೇಕು, ಕೆ.ಆರ್. ನಗರದ ಭತ್ತ ಗಿರಣಿಗೆ ಹೋಗಬೇಕು. ಸಾಲ ಮಾಡಿ ಗಾಡಿ ಕೊಂಡ ಹುಡುಗನಿಗೆ 60 ಸಾವಿರದ ರಿಪೇರಿ ಎಂದರೆ ಒಂದು ಸೀಸನ್ನಿನ ಉಳಿತಾಯವೇ ಕೈಬಿಟ್ಟ ಹಾಗೆ. ಅದು ಬೇಕಿಲ್ಲದ ರಿಪೇರಿಯಾಗಿದ್ದರೆ ಅನ್ಯಾಯ ಎನ್ನದೆ ಬೇರೇನನ್ನೂ ಹೇಳಲಾಗದು. ಆದ್ದರಿಂದಲೇ ಈ ಸಂಭಾಷಣೆಯನ್ನು ಬಿಡಿಬಿಡಿಯಾಗಿ ಬರೆದಿಡುತ್ತಿದ್ದೇನೆ.

ಗಾಡಿಯವನು: ನನ್ನ ಮಾತಲ್ಲಿ ಏನು ಉತ್ತರ ಕಂಡ್ರಿ?

ಮೆಕ್ಯಾನಿಕ್: ಹೇಳ್ತೀನಿ ಕೇಳು. ನಿನ್ನ ಗಾಡೀಲಿ ಎರಡು ಪ್ರೆಷರ್ ಅದೆ. ಟ್ಯಾಂಕಿಂದ ಹೊರಟು ಫಿಲ್ಟರ್ ದಾಟಿ ಪಂಪಿನ ಬಾಯಿ ತನಕ ಬರೋ ದಾರಿ ಲೋ ಪ್ರೆಷರ್ ಲೈನು. ಪಂಪಿಂದ ರೈಲು ಅನ್ನೋ ದಪ್ಪ ಪೈಪಿಗೆ, ರೈಲಿಂದ ನಾಲ್ಕು ಇಂಜೆಕ್ಟರಿಗೆ ಹೋಗೋದು ಹೈ ಪ್ರೆಷರ್. ಗಾಡಿ ಸುಮ್ನೆ ನಿಂತು ಓಡ್ತಿದ್ರೂ ರೈಲಿನಲ್ಲಿ 250ರಿಂದ 300 ಬಾರ್ ಇರ್ತದೆ. ಲೋಡ್ ಹಾಕ್ಕಂಡು ಏರು ಹತ್ತುವಾಗ ಸಾವಿರ ದಾಟಿ 1400, 1600ಕ್ಕೂ ಹೋಯ್ತದೆ, ಅದು ಮಾದರಿ ಮೇಲೆ. ಟೈರಿಗೆ ಗಾಳಿ ಹಾಕ್ಸುವಾಗ ಪಿಎಸ್‌ಐ ಅಂತೀಯಲ್ಲ, ಒಂದು ಬಾರ್ ಅಂದ್ರೆ ಸುಮಾರು 14.5 ಪಿಎಸ್‌ಐ. ನೀನೇ ಲೆಕ್ಕ ಹಾಕು.

ಗಾಡಿಯವನು: 1500 ಬಾರ್ ಅಂದ್ರೆ... 21 ಸಾವಿರದ ಮೇಲಾಯ್ತಲ್ಲ ಅಣ್ಣ!

ಮೆಕ್ಯಾನಿಕ್: ಆಯ್ತು. ಅಷ್ಟು ಪ್ರೆಷರ್ ಕೊಡೋ ಪಂಪಿಗೆ ಹಿಂದಿಂದ ಡೀಸೆಲ್ಲೇ ಸರಿಯಾಗಿ ಬರದಿದ್ರೆ ಅದೇನು ಕೊಡ್ತದೆ? ಖಾಲಿ ಗಾಡಿಗೆ ಕಮ್ಮಿ ಡೀಸೆಲ್ ಸಾಕು, ಅಷ್ಟು ಹೆಂಗೋ ಬತ್ತದೆ. ಏರಲ್ಲಿ ಜಾಸ್ತಿ ಕೇಳ್ತದೆ, ಅದು ಬರಲ್ಲ. ಎಂಜಿನ್ನಿನ ಕಂಪ್ಯೂಟರ್ ಕೇಳಿದ ಪ್ರೆಷರ್ರೇ ಬೇರೆ, ರೈಲಿನಲ್ಲಿ ಇರೋದೇ ಬೇರೆ. ಅಂತರ ಮಿತಿ ಮೀರ್ತು ಅಂದ ತಕ್ಷಣ ಲೈಟ್ ಹಾಕಿ ಎಂಜಿನ್ನಿನ ಶಕ್ತಿ ಕಟ್ ಮಾಡ್ತದೆ. ಎಂಜಿನ್ ಉಳಿಸ್ಕಳಕ್ಕೆ ಅದು ಮಾಡೋ ಉಪಾಯ. ಕೀ ಆಫ್ ಮಾಡಿ ಆನ್ ಮಾಡಿದ್ರೆ ಲೆಕ್ಕ ಮತ್ತೆ ಮೊದಲಿಂದ ಶುರು.

ಗಾಡಿಯವನು: ಬೆಳಿಗ್ಗೆ ಸ್ಟಾರ್ಟ್ ಆಗದೇ ಇರೋದಕ್ಕೂ ಇದೇ ಕಾರಣಾನಾ?

ಮೆಕ್ಯಾನಿಕ್: ಅದು ಇನ್ನೂ ಚೆನ್ನಾಗಿ ಹೇಳ್ತದೆ. ಸ್ಟಾರ್ಟ್ ಆಗಕ್ಕೆ ಸೆಲ್ಫ್ ತಿರುಗೋ ಹೊತ್ತಲ್ಲಿ ರೈಲಿನಲ್ಲಿ 150, 200 ಬಾರ್ ಆದ್ರೂ ಏಳ್ಬೇಕು. ರಾತ್ರಿಯೆಲ್ಲ ನಿಂತ ಗಾಡೀಲಿ ಲೈನೊಳಗಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರಿದ್ರೆ, ಆ ಜಾಗದಲ್ಲಿ ಗಾಳಿ ಕೂತ್ಕತದೆ. ನೀನು ಹ್ಯಾಂಡ್ ಪಂಪ್ ಒತ್ತಿದ್ದೇ ತಡ ಡೀಸೆಲ್ ಬಂತು, ಸ್ಟಾರ್ಟ್ ಆಯ್ತು. ಅಂದ್ಮೇಲೆ ಪಂಪ್ ಕೆಲಸ ಮಾಡ್ತಾ ಅದೆ. ಅದಕ್ಕೆ ಡೀಸೆಲ್ ಸಿಕ್ಕಿದ್ರೆ ಪ್ರೆಷರ್ ಎಬ್ಬಿಸ್ತದೆ.

ಗಾಡಿಯವನು: ಬಿಸಿ ಇದ್ದಾಗ ಹೆಂಗೆ ಅಂತ ಕೇಳಿದ್ರಲ್ಲ, ಅದ್ಯಾಕೆ?

ಮೆಕ್ಯಾನಿಕ್: ಡೀಸೆಲ್ ಬಿಸಿಯಾದ್ರೆ ತೆಳ್ಳಗಾಯ್ತದೆ. ಸವೆದ ಪಂಪು, ಸವೆದ ಇಂಜೆಕ್ಟರ್ ಇದ್ರೆ ತೆಳು ಡೀಸೆಲ್ ಸಂದಿಯಿಂದ ಸೋರಿ ರಿಟರ್ನ್ ಪೈಪಿಗೆ ಹೋಯ್ತದೆ, ರೈಲಿನಲ್ಲಿ ಪ್ರೆಷರ್ ನಿಲ್ಲಲ್ಲ. ಅಂಥ ಗಾಡಿ ಬೆಳಿಗ್ಗೆ ಸುಖವಾಗಿ ಸ್ಟಾರ್ಟ್ ಆಗಿ, ಮಧ್ಯಾಹ್ನ ಬಿಸೀಲಿ ಸತಾಯಿಸ್ತದೆ. ನಿಂದು ಉಲ್ಟಾ. ತಣ್ಣಗಿದ್ದಾಗ ತೊಂದ್ರೆ, ಬಿಸಿ ಇದ್ದಾಗ ಇಲ್ಲ. ಅದಕ್ಕೇ ನಾನು ಟ್ಯಾಂಕಿನ ಕಡೆ ನೋಡ್ತಿರೋದು. ಆದ್ರೂ ಬಾಯಲ್ಲಿ ಹೇಳಿದ್ರೆ ಸಾಲದು, ಕಣ್ಣಲ್ಲಿ ನೋಡ್ಬೇಕು. ಬಾ.

ಮೊದಲು ಅವರು ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಯಿಟ್ಟರು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ದಾರಿ ಇರುತ್ತದೆ. ಕೆಸರು ಕಟ್ಟಿ ಅದು ಮುಚ್ಚಿಹೋದರೆ, ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಇಲ್ಲದೆ ಬಿಗಿಯುತ್ತದೆ, ಮುಚ್ಚಳ ಬಿಚ್ಚಿದಾಗ 'ಉಸ್' ಎನ್ನುತ್ತದೆ. ಇಲ್ಲಿ ಸದ್ದಿರಲಿಲ್ಲ. ಆಮೇಲೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ಖಾಲಿ ಗಾಜಿನ ಬಾಟಲಿಗೆ ಇಳಿಸಿಕೊಂಡು ನೆಲದ ಮೇಲಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಬಾಟಲಿಯಲ್ಲಿ ಪದರ ಕಂಡಿತು. ಮೇಲೆ ಹಳದಿ ಡೀಸೆಲ್, ಅಡಿಯಲ್ಲಿ ಎರಡು ಬೆರಳಗಲ ನೀರು, ಎರಡರ ನಡುವೆ ಕಪ್ಪು ಲೋಳೆ.

ಗಾಡಿಯವನು: ಇಷ್ಟೊಂದು ನೀರು ಎಲ್ಲಿಂದ ಬಂತು?

ಮೆಕ್ಯಾನಿಕ್: ನೀನೇ ಹೇಳ್ಬೇಕು. ಬಂಕಲ್ಲೇ ಹಾಕಿಸ್ತೀಯಾ, ಕ್ಯಾನಿಂದ ಹಾಕ್ತೀಯಾ?

ಗಾಡಿಯವನು: ಎರಡೂ. ಮನೇಲಿ ಟಿಲ್ಲರಿಗೆ ಅಂತ ಕ್ಯಾನಲ್ಲಿ ತಂದಿಟ್ಟಿರ್ತೀವಿ. ರಾತ್ರಿ ಹೊತ್ತು ಅವಸರಕ್ಕೆ ಅದ್ರಿಂದ್ಲೇ ಸುರೀತೀನಿ.

ಮೆಕ್ಯಾನಿಕ್: ಕ್ಯಾನ್ ಎಲ್ಲಿರ್ತದೆ?

ಗಾಡಿಯವನು: ಬ್ಯಾರನ್ ಪಕ್ಕ, ಸೂರಿನ ಕೆಳಗೆ.

ಮೆಕ್ಯಾನಿಕ್: ಮಳೆ ಎರಚಲು ಹೊಡೀತದೆ. ಹಗಲು ಕಾದು ರಾತ್ರಿ ತಣ್ಣಗಾದ್ರೆ ಅರ್ಧ ಖಾಲಿ ಕ್ಯಾನಿನ ಒಳಗೋಡೇಲಿ ಬೆವರು ಕೂರ್ತದೆ. ನೀರು ಡೀಸೆಲ್‌ಗಿಂತ ತೂಕ, ತಳದಲ್ಲೇ ನಿಲ್ತದೆ. ನೀನು ಕ್ಯಾನ್ ಬಗ್ಗಿಸಿ ಕೊನೇ ತೊಟ್ಟಿನ ತನಕ ಸುರಿದ್ರೆ ಆ ನೀರೆಲ್ಲ ಟ್ಯಾಂಕಿಗೆ. ನೀರು, ಡೀಸೆಲ್ ಸೇರೋ ಗಡೀಲಿ ಒಂಥರಾ ಕ್ರಿಮಿ ಬೆಳೀತವೆ. ಈ ಕಪ್ಪು ಲೋಳೆ ಅದೇ. ಫಿಲ್ಟರ್ ಕಾಗದಕ್ಕೆ ಇದು ಮೆತ್ಕಂಡ್ರೆ ಮುಗೀತು. ಹಳೇ ಫಿಲ್ಟರ್ ಯಾವಾಗ ಹಾಕ್ಸಿದ್ದೆ?

ಗಾಡಿಯವನು: ನೆನಪಿಲ್ಲ ಅಣ್ಣ. ಗಾಡಿ ಸರ್ವೀಸಿಗೆ ಬಿಟ್ಟಾಗ ಹಾಕಿರ್ತಾರೆ ಅಂದ್ಕಂಡಿದ್ದೆ.

ಮೆಕ್ಯಾನಿಕ್: ಹೊಸ ಫಿಲ್ಟರ್ ಹಾಕಣ. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಆಗದೇ ಇರೋದಕ್ಕೆ ಫಿಲ್ಟರ್ ಒಂದೇ ಕಾರಣ ಅಲ್ಲ. ಗಾಳಿ ಎಲ್ಲಿಂದಲೋ ಬತ್ತಾ ಅದೆ.

ಗಾಡಿಯವನು: ಎಲ್ಲೂ ಸೋರ್ತಿಲ್ಲ ಅಣ್ಣ. ಗಾಡಿ ಕೆಳಗೆ ರಟ್ಟು ಹಾಸಿ ನೋಡಿದ್ದೀನಿ. ಒಂದು ತೊಟ್ಟು ಬಿದ್ದಿಲ್ಲ.

ಮೆಕ್ಯಾನಿಕ್: ಬೀಳಲ್ಲ. ಇಲ್ಲೇ ಎಲ್ಲರೂ ಮೋಸ ಹೋಗೋದು. ನಿನ್ನ ಮಾದರಿ ಗಾಡೀಲಿ ಟ್ಯಾಂಕಿನೊಳಗೆ ಕರೆಂಟಿನ ಪಂಪಿಲ್ಲ. ಹೈ ಪ್ರೆಷರ್ ಪಂಪಿನ ಬೆನ್ನಿಗೆ ಒಂದು ಸಣ್ಣ ಗೇರ್ ಪಂಪ್ ಅದೆ, ಅದೇ ಟ್ಯಾಂಕಿಂದ ಡೀಸೆಲ್ ಎಳ್ಕತದೆ. ಟ್ಯಾಂಕಿಂದ ಪಂಪಿನ ತನಕ ತಳ್ಳೋರು ಯಾರೂ ಇಲ್ಲ, ಬರೀ ಎಳೆತ. ನಿಮ್ಮ ಹೊಳೆದಂಡೆ ಪಂಪ್‌ಸೆಟ್ಟಿನ ಸಕ್ಷನ್ ಪೈಪಲ್ಲಿ ಕೂದಲೆಳೆ ಬಿರುಕಿದ್ರೆ ಏನಾಯ್ತದೆ? ಹೊರಗೆ ನೀರು ಸೋರಲ್ಲ, ಒಳಗೆ ಗಾಳಿ ನುಗ್ತದೆ, ಮೋಟರ್ ತಿರುಗ್ತಾನೇ ಇರ್ತದೆ, ನೀರು ಏಳಲ್ಲ. ಇದೂ ಹಂಗೇ.

ಗಾಡಿಯವನು: ಹಂಗಾದ್ರೆ ಕಾಣದ ಗಾಳೀನ ಎಲ್ಲಿ ಅಂತ ಹಿಡಿಯೋದು?

ಮೆಕ್ಯಾನಿಕ್: ಕಾಣಂಗೆ ಮಾಡ್ತೀನಿ. ಇಕೋ, ಡೀಸೆಲ್ ತಡ್ಕಳೋ ಪಾರದರ್ಶಕ ಪೈಪು. ಒಂದು ಗೇಣು ಸಾಕು. ಫಿಲ್ಟರಿಂದ ಪಂಪಿಗೆ ಹೋಗೋ ಕಡೆ ಕಪ್ಪು ಪೈಪ್ ತೆಗೆದು ಇದನ್ನ ಸೇರಿಸ್ತೀನಿ. ನೀನು ಸ್ಟಾರ್ಟ್ ಮಾಡು. ಸ್ವಲ್ಪ ರೇಸ್ ಕೊಡು. ಈಗ ಬಂದು ನೋಡು.

ಪೈಪಿನೊಳಗೆ ಸಾಸಿವೆಯಷ್ಟು ಗುಳ್ಳೆಗಳು ಸಾಲುಸಾಲಾಗಿ ಓಡುತ್ತಿದ್ದವು. ಆಕ್ಸಿಲರೇಟರ್ ಒತ್ತಿದಾಗ ಸಾಲು ದಪ್ಪವಾಗಿ ನೊರೆಯಂತಾಗುತ್ತಿತ್ತು. ಮೆಕ್ಯಾನಿಕ್ ಅದನ್ನು ನೋಡಿ ಕೂಡಲೇ ಪೈಪುಗಳನ್ನೆಲ್ಲ ಬದಲಾಯಿಸಲು ಹೋಗಲಿಲ್ಲ. ಒಂದು ಸ್ವಚ್ಛವಾದ ಕ್ಯಾನಿಗೆ ಒಳ್ಳೆಯ ಡೀಸೆಲ್ ಹಾಕಿ, ಬಿಸಿಯಾಗುವ ಸೈಲೆನ್ಸರಿನಿಂದ ದೂರ ಭದ್ರವಾಗಿ ಇಟ್ಟು, ಟ್ಯಾಂಕಿನಿಂದ ಬರುವ ಪೈಪ್ ಬಿಡಿಸಿ ಫಿಲ್ಟರಿಗೆ ನೇರ ಕ್ಯಾನಿನಿಂದಲೇ ಕೊಟ್ಟರು. ರಿಟರ್ನನ್ನೂ ಅದೇ ಕ್ಯಾನಿಗೆ ಬಿಟ್ಟರು. ಸ್ವಲ್ಪ ಹೊತ್ತು ಓಡಿದ ಮೇಲೆ ಗುಳ್ಳೆ ನಿಂತವು. ಅಂದರೆ ಫಿಲ್ಟರಿನ ತಲೆ ಸರಿಯಿದೆ, ಹ್ಯಾಂಡ್ ಪಂಪ್ ಸರಿಯಿದೆ, ಗಾಳಿ ಬರುತ್ತಿರುವುದು ಫಿಲ್ಟರಿಗೂ ಹಿಂದೆ, ಟ್ಯಾಂಕಿನ ಕಡೆಯ ಭಾಗದಿಂದ. ಇಡೀ ಗಾಡಿಯಲ್ಲಿ ಹುಡುಕಬೇಕಾದ್ದು ಒಂದೇ ಪರೀಕ್ಷೆಯಲ್ಲಿ ಒಂದೆರಡು ಮಾರು ಪೈಪಿಗೆ ಇಳಿಯಿತು. ನನಗೆ ಈ ಗ್ಯಾರೇಜಿನಲ್ಲಿ ತುಂಬ ಹಿಡಿಸಿದ್ದು ಇದೇ. ಊಹೆಯನ್ನು ಹೊರಗಿಟ್ಟು, ಅನುಮಾನದ ಜಾಗವನ್ನು ಅರ್ಧರ್ಧ ಕಡಿಮೆ ಮಾಡುತ್ತ ಹೋಗುವ ಕ್ರಮಕ್ಕೆ ಯಾವ ದೊಡ್ಡ ಯಂತ್ರವೂ ಬೇಕಾಗಲಿಲ್ಲ.

ಗಾಡಿಯವನು: ಸಿಕ್ತಾ ಅಣ್ಣ?

ಮೆಕ್ಯಾನಿಕ್: ಟ್ಯಾಂಕಿನ ಮೇಲೆ, ಕಬ್ಬಿಣದ ಪೈಪಿಗೆ ರಬ್ಬರ್ ಪೈಪ್ ಸೇರೋ ಜಾಗ. ಕೈ ಹಾಕು. ಕ್ಲಾಂಪ್ ಕೆಳಗೆ ಬಗ್ಗಿಸಿ ನೋಡು.

ಗಾಡಿಯವನು: ಬಿರುಕು ಬಿಟ್ಟದೆ!

ಮೆಕ್ಯಾನಿಕ್: ನೆಟ್ಟಗಿದ್ರೆ ಕಾಣಲ್ಲ, ಬಗ್ಗಿಸಿದ್ರೆ ಬಾಯಿ ಬಿಡ್ತದೆ. ಗಾಡಿ ಕುಲುಕಿದಾಗೆಲ್ಲ ಇದು ಬಾಯಿ ಬಿಟ್ಟು ಮುಚ್ತಾ ಅದೆ. ಕ್ಲಾಂಪೂ ತುಕ್ಕು ಹಿಡಿದು ಸಡಿಲ ಆಗ್ಬಿಟ್ಟದೆ. ಡೀಸೆಲ್‌ಗೆ ಅಂತಲೇ ಮಾಡಿದ ಪೈಪ್ ಹಾಕ್ಬೇಕು. ತೋಟಕ್ಕೆ ನೀರು ಬಿಡೋ ಪೈಪ್ ತುಂಡು ಹಾಕಿ ತಂತಿ ಸುತ್ತೋರಿದ್ದಾರೆ, ಅದು ಮೂರು ತಿಂಗಳಿಗೆ ಊದ್ಕಂಡು ಒಳಗಿಂದ ಸುಲೀತದೆ. ಆ ಚೂರು ಫಿಲ್ಟರಿಗೆ ಬಂದು ಕೂರ್ತದೆ.

ಗಾಡಿಯವನು: ಟ್ಯಾಂಕೂ ಇಳಿಸ್ಬೇಕಾ?

ಮೆಕ್ಯಾನಿಕ್: ಇಷ್ಟು ನೀರು ನೋಡಿದ ಮೇಲೆ ಇಳಿಸದೇ ಬಿಟ್ರೆ ಹೊಸ ಫಿಲ್ಟರ್ ತಿಂಗಳಲ್ಲಿ ಮತ್ತೆ ಕಟ್ಕತದೆ. ಕೆ.ಆರ್. ನಗರದ ಕಡೆಯ ಒಂದು ಗಾಡಿ ಹಿಂಗೇ ಬಂದಿತ್ತು. ಬೇರೆ ಕಡೆ ಪಂಪ್ ಬದಲಾಯಿಸಿ ಆಗಿತ್ತು, ಲೈಟ್ ಮಾತ್ರ ಹೋಗಿರ್ಲಿಲ್ಲ. ಟ್ಯಾಂಕ್ ಇಳಿಸಿ ನೋಡಿದ್ರೆ ಆಯಿಲ್ ಕ್ಯಾನಿನ ಬಾಯಿಗೆ ಅಂಟಿಸಿರ್ತಾರಲ್ಲ ತಗಡಿನಂಥ ಹಾಳೆ, ಅದರ ಚೂರು ಒಳಗೆ ತೇಲ್ತಿತ್ತು. ಡೀಸೆಲ್ ಎಳೆಯುವಾಗ ಪೈಪಿನ ಬಾಯಿಗೆ ಅಂಟ್ಕಳೋದು, ಆಫ್ ಮಾಡಿದ ಮೇಲೆ ಕಳಚ್ಕಂಡು ಬೀಳೋದು. ಆಫ್ ಮಾಡಿ ಆನ್ ಮಾಡಿದ್ರೆ ಗಾಡಿ ಸರಿ ಹೋಗೋದಕ್ಕೆ ಅದೂ ಒಂದು ಕಾರಣ ಇರಬೌದು. ಅಷ್ಟಕ್ಕೆ ಪಂಪ್ ಖರ್ಚು ದಂಡ ಆಯ್ತು.

ಗಾಡಿಯವನು: ನಮ್ಮಪ್ಪನ ಕಾಲದ ಗಾಡಿಗಳಿಗೆ ಇಷ್ಟೆಲ್ಲ ರಗಳೆ ಇರ್ಲಿಲ್ಲ ಅಂತಾರೆ.

ಮೆಕ್ಯಾನಿಕ್: ಇತ್ತು. ಆಗ ತಡ್ಕತಿತ್ತು, ಈಗ ತಡ್ಕಳಲ್ಲ. ನಾನು ಹೆಲ್ಪರ್ ಆಗಿದ್ದಾಗ ಎಲ್ಲ ಮೈಕೋ ಪಂಪು. ಏರ್ ಹಿಡಿದ್ರೆ ನಾಜಲ್ ಪೈಪಿನ ನಟ್ ಸಡಿಲ ಮಾಡೋದು, ಸೆಲ್ಫ್ ಹೊಡೆಯೋದು, ನೊರೆ ಹೋಗಿ ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡೋದು. ಈಗಿನ ಗಾಡೀಲಿ ಹಂಗೆ ಯಾರಾದ್ರೂ ಮಾಡೋದು ಕಂಡ್ರೆ ನಾನು ಕೂಗಿ ನಿಲ್ಲಿಸ್ತೀನಿ.

ಮೈಕೋ ಎಂದು ಅವರು ಹೇಳಿದ್ದು ಬೆಂಗಳೂರಿನ ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಜರ್ಮನಿಯ ಬಾಷ್ ಜೊತೆಗೂಡಿ 1951ರಲ್ಲಿ ಶುರುವಾದ ಈ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದೇ ಬದಲಾಯಿತು. ಆದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಡೀಸೆಲ್ ಪಂಪಿಗೆ ಮೈಕೋ ಎಂಬ ಹೆಸರು ಉಳಿದಿದೆ. ಡೀಸೆಲ್ ಎಂಜಿನ್ನಿನ ಇತಿಹಾಸ ಒಂದರ್ಥದಲ್ಲಿ ಈ ಪ್ರೆಷರಿನದೇ ಇತಿಹಾಸ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಇಂಧನವನ್ನು ಒತ್ತಿದ ಗಾಳಿಯಿಂದ ಊದಬೇಕಾಗಿತ್ತು. ಅದಕ್ಕೆ ಬೇಕಾದ ಕಂಪ್ರೆಸರಿನ ಭಾರ ಹೊತ್ತು ಅದು ಲಾರಿಗೆ ಏರುವಂತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಸಣ್ಣ ಪಂಪೊಂದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ರಸ್ತೆಗಿಳಿಯಿತು. 1997ರಲ್ಲಿ ಯುರೋಪಿನ ಕಾರುಗಳಲ್ಲಿ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ರೈಲಿನಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಬಂತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ದೇಶದುದ್ದಕ್ಕೂ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್4, 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದ ಮೇಲೆ ಹಳ್ಳಿಯ ಹೊಸ ಪಿಕಪ್ಪಿನ ಬೋನೆಟ್ಟಿನಡಿಯೂ ಅದೇ ಕೂತಿದೆ. ಹೊಗೆ ತಗ್ಗಿತು, ಮೈಲೇಜ್ ಏರಿತು. ಆದರೆ ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದಿ ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಲ್ಲಿಗೆ ಬೇರೆ ಆಯಿಲ್ ಹೋಗುವುದಿಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ನೀರು ಹೋದರೆ ತುಕ್ಕು, ಗಾಳಿ ಹೋದರೆ ಒಣ ಉಜ್ಜಾಟ, ಸೀಮೆಎಣ್ಣೆ ಬೆರೆತರೆ ಜಿಡ್ಡು ಸಾಲದೆ ಗೀರು. ಎಂಜಿನ್ ಬದಲಾದಷ್ಟು ಬೇಗ ನಮ್ಮ ಕ್ಯಾನ್, ಆಲಿಕೆ, ಬಟ್ಟೆ ಚೂರುಗಳ ಅಭ್ಯಾಸ ಬದಲಾಗಿಲ್ಲ.

ಗಾಡಿಯವನು: ನಟ್ ಸಡಿಲ ಮಾಡಿದ್ರೆ ಏನಾಯ್ತದೆ ಅಂತ ಹೇಳಲೇ ಇಲ್ಲ.

ಮೆಕ್ಯಾನಿಕ್: ನೋಡು, ಇದನ್ನ ಮರೀಬೇಡ, ನಿನ್ನ ಜೊತೆ ಗಾಡಿ ಓಡಿಸೋರಿಗೂ ಹೇಳು. ಎಂಜಿನ್ ತಿರುಗ್ತಿರುವಾಗ ರೈಲಿಂದ ಬರೋ ಕಬ್ಬಿಣದ ಪೈಪಿನ ನಟ್ ಮುಟ್ಟಬಾರದು. ಸೂಜಿಯಷ್ಟು ಸಂದೀಲಿ ಬರೋ ಡೀಸೆಲ್ ಚರ್ಮ ಕೊರ್ಕಂಡು ಒಳಗೆ ಹೋಯ್ತದೆ. ಸೋರ್ತಾ ಅದಾ ಅಂತ ಬೆರಳಿಟ್ಟು ನೋಡೋರಿದ್ದಾರೆ. ಮೊದಲು ಇರುವೆ ಕಚ್ಚಿದಷ್ಟು ಗುರುತು, ನೋವೂ ಅಷ್ಟಿರಲ್ಲ. ಕೆಲವು ಗಂಟೇಲಿ ಕೈ ಊದ್ಕಂಡು, ಒಳಗಿನ ಮಾಂಸ ಕೊಳೆಯಕ್ಕೆ ಶುರುವಾಯ್ತದೆ. ಬೆರಳೇ ತೆಗೀಬೇಕಾಗಿ ಬರಬೌದು. ಹಂಗೇನಾದ್ರೂ ಆದ್ರೆ ಅರಿಶಿನ ಹಚ್ಕಂಡು ಕೂರದೇ ಆ ಕ್ಷಣವೇ ಆಪರೇಷನ್ ಮಾಡೋ ದೊಡ್ಡಾಸ್ಪತ್ರೆಗೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆಗೆ ಹೋಗ್ಬೇಕು. ಹೈ ಪ್ರೆಷರ್ ಡೀಸೆಲ್ ಚರ್ಮದೊಳಗೆ ಹೊಕ್ತು ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ದಿದ್ರೆ ಸಣ್ಣ ಗಾಯ ಅಂತ ಪಟ್ಟಿ ಕಟ್ಟಿ ಕಳಿಸಿಬಿಡಬೌದು.

ಗಾಡಿಯವನು: ಮತ್ತೆ ಏರ್ ತೆಗೆಯೋದು ಹೆಂಗೆ?

ಮೆಕ್ಯಾನಿಕ್: ಲೋ ಪ್ರೆಷರ್ ಕಡೆಯಿಂದ ಮಾತ್ರ. ಹೊಸ ಫಿಲ್ಟರ್ ಹಾಕಿದೆ. ಅದರ ಮೇಲಿನ ಏರ್ ತಿರುಪು ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತು. ಮೊದಲು ನೊರೆ ಬತ್ತದೆ. ಒತ್ತು, ಒತ್ತು. ಈಗ ಗುಳ್ಳೆ ಇಲ್ಲದ ಡೀಸೆಲ್ ಬಂತು, ತಿರುಪು ಬಿಗಿ ಮಾಡ್ದೆ. ಹ್ಯಾಂಡ್ ಪಂಪ್ ಗಟ್ಟಿ ಆಗೋ ತನಕ ಒತ್ತು. ಸೆಲ್ಫ್ ಹೊಡೆಯುವಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡೀಬೇಡ, ಬಿಟ್ಟು ಸುಧಾರಿಸ್ಕಳಕ್ಕೆ ಬಿಡು. ಎಡೆಬಿಡದೆ ಹೊಡೆದ್ರೆ ಸ್ಟಾರ್ಟರ್ ಸುಡ್ತದೆ, ಡೀಸೆಲ್ ಇಲ್ಲದ ಪಂಪ್ ಒಣಗಿ ಉಜ್ತದೆ. ಚೆನ್ನಾಗಿರೋ ಪಂಪನ್ನ ಏರ್ ತೆಗೆಯೋ ಹೊತ್ತಲ್ಲೇ ಹಾಳು ಮಾಡೋರಿದ್ದಾರೆ.

ಗಾಡಿಯವನು: ಸ್ಟಾರ್ಟ್ ಆಯ್ತು! ಪೈಪಲ್ಲಿ ಗುಳ್ಳೆ ಒಂದೂ ಇಲ್ಲ.

ಮೆಕ್ಯಾನಿಕ್: ಈಗ ಸ್ಕ್ಯಾನರ್ ತರ್ತೀನಿ. ಸ್ಕ್ಯಾನರ್ ಬೇಡ ಅನ್ನೋನಲ್ಲ ನಾನು. ಕೋಡ್ ಓದಿ ಮುಚ್ಚಿಡೋದು ಬೇಡ ಅಂತೀನಿ. ಅದರೊಳಗೆ ಎರಡು ಸಾಲು ನೋಡ್ಬೇಕು. ಕೇಳಿದ ಪ್ರೆಷರ್ ಎಷ್ಟು, ಸಿಕ್ಕಿದ್ದೆಷ್ಟು. ಈಗ ನೋಡು, 270 ಕೇಳ್ತದೆ, 268 ಅದೆ. ರೇಸ್ ಮಾಡು. ಎರಡೂ ಜೊತೇಲಿ ಏರ್ತವೆ, ಜೊತೇಲಿ ಇಳೀತವೆ. ಹಿಂಗಿರಬೇಕು. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕೀ ಆನ್ ಮಾಡಿದ್ರೆ ಸೊನ್ನೆ ಹತ್ರ ತೋರಿಸ್ಬೇಕು. ರೈಲು ಖಾಲಿಯಾದ್ಮೇಲೂ 50, 60 ಬಾರ್ ತೋರಿಸಿದ್ರೆ ಸೆನ್ಸರ್ರೋ ಅದರ ವೈರೋ ಸುಳ್ಳು ಹೇಳ್ತಾ ಅದೆ ಅಂತ ಲೆಕ್ಕ. ಸೆನ್ಸರ್ ಸುಳ್ಳಿಗೂ ಪಂಪ್ ಬದಲಾಯಿಸಿದವರುಂಟು.

ಗಾಡಿಯವನು: ಇಂಜೆಕ್ಟರ್ ಹೋಗಿಲ್ಲ ತಾನೇ?

ಮೆಕ್ಯಾನಿಕ್: ಅದನ್ನೂ ಬಾಟಲಿಯೇ ಹೇಳ್ಲಿ. ಪ್ರತಿ ಇಂಜೆಕ್ಟರಿಂದಲೂ ಮಿಕ್ಕ ಡೀಸೆಲ್ ವಾಪಸ್ ಹೋಗೋ ಸಣ್ಣ ಪೈಪ್ ಅದೆ. ನಾಲ್ಕಕ್ಕೂ ಒಂದೇ ಅಳತೆಯ ಬಾಟಲಿ ಕಟ್ಟಿ ಐದು ನಿಮಿಷ ಓಡಿಸಣ. ಸವೆದಿರೋದು ಬೇರೆಯವಕ್ಕಿಂತ ಬೇಗ ತುಂಬ್ತದೆ.

ನಾಲ್ಕು ಬಾಟಲಿಗಳಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಮೂರನೆಯದು ಒಂದು ಗೆರೆ ಮೇಲಿತ್ತು.

ಮೆಕ್ಯಾನಿಕ್: ಮೂರನೇದು ಸ್ವಲ್ಪ ಜಾಸ್ತಿ. ಈಗ ಬಿಚ್ಚೋ ಅಂಥದ್ದಲ್ಲ. ಮುಂದಿನ ಸರ್ವೀಸಲ್ಲಿ ಮತ್ತೆ ಅಳೆಯಣ.

ಗಾಡಿಯವನು: ಹಂಗಾದ್ರೆ ಪಂಪ್ ನಿಜವಾಗ್ಲೂ ಹೋದ್ರೆ ಹೆಂಗೆ ಗೊತ್ತಾಯ್ತದೆ?

ಮೆಕ್ಯಾನಿಕ್: ಹಿಂದಿನ ಲೈನೆಲ್ಲ ಸರಿ ಇರಬೇಕು, ಇಂಜೆಕ್ಟರ್ ವಾಪಸ್ ಬಿಡೋದು ಮಿತೀಲಿರಬೇಕು, ರೈಲಿನ ತುದೀಲಿರೋ ರಿಲೀಫ್ ವಾಲ್ವಿಂದ ಡೀಸೆಲ್ ಹರಿದು ಹೋಗ್ತಿರಬಾರದು, ಪಂಪಿನ ಮೇಲಿರೋ ಮೀಟರಿಂಗ್ ವಾಲ್ವಿನ ಕನೆಕ್ಟರ್ ಹಸಿರು ಹಿಡಿದಿರಬಾರದು. ಇಷ್ಟೆಲ್ಲ ನೋಡಿದ ಮೇಲೂ ಪ್ರೆಷರ್ ಏಳದಿದ್ರೆ ಆಗ ಪಂಪು. ಇನ್ನೊಂದು ಗುರುತು ಅದೆ. ಮೀಟರಿಂಗ್ ವಾಲ್ವ್ ಬಿಚ್ಚಿದಾಗ ಅದರ ಜಾಲರೀಲಿ ಮಿಣಮಿಣ ಲೋಹದ ಪುಡಿ ಕಂಡ್ರೆ ಪಂಪ್ ಒಳಗೇ ಸುಲೀತಾ ಅದೆ. ಆಗ ಪಂಪ್ ಒಂದೇ ಹಾಕಿದ್ರೂ ಸಾಲದು. ಆ ಪುಡಿ ರೈಲು, ಪೈಪು, ಇಂಜೆಕ್ಟರು, ಟ್ಯಾಂಕಿನ ತನಕ ಹೋಗಿರ್ತದೆ. ಎಲ್ಲ ತೊಳೀಬೇಕು. ತೊಳೀದೆ ಹೊಸ ಪಂಪ್ ಹಾಕಿದ್ರೆ ಹೊಸಾದೂ ಹಾಳು.

ಗಾಡಿಯವನು: ಬೇರೆ ಗಾಡಿಗೂ ಇದೇ ಲೆಕ್ಕಾನಾ? ನಮ್ಮ ಭಾವನ ಗಾಡೀಲಿ ಕೀ ಹಾಕಿದ್ರೆ ಟ್ಯಾಂಕ್ ಹತ್ರ ಗುಂಯ್ ಅಂತದೆ.

ಮೆಕ್ಯಾನಿಕ್: ಅದರಲ್ಲಿ ಕರೆಂಟಿನ ಪಂಪ್ ಅದೆ. ಅಲ್ಲಿ ಲೈನಲ್ಲಿ ಗೇಜ್ ಹಾಕಿ ಪ್ರೆಷರ್ ಅಳೀಬೇಕು. ಎಷ್ಟಿರಬೇಕು ಅನ್ನೋದು ಕಂಪನಿ ಪುಸ್ತಕದಲ್ಲಿರ್ತದೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬಾರದು. ನಿಂದು ಎಳೆಯೋ ಲೈನು, ಇಲ್ಲಿ ವ್ಯಾಕ್ಯೂಮ್ ಗೇಜ್. ಮುಳ್ಳು ಜಾಸ್ತಿ ಎಳೆದ್ರೆ ಎಲ್ಲೋ ಕಟ್ಟಿಕಂಡದೆ, ಎಳೆಯದೇ ಗುಳ್ಳೆ ಬಂದ್ರೆ ಎಲ್ಲೋ ಬಿರುಕು.

ಗಾಡಿಯವನು: ಇನ್ನು ಮೇಲೆ ನಾನೇನು ಮಾಡ್ಬೇಕು?

ಮೆಕ್ಯಾನಿಕ್: ಕ್ಯಾನಿನ ಡೀಸೆಲ್ ಬಿಡು. ಬಿಡಕ್ಕಾಗಲ್ಲ ಅಂದ್ರೆ ಕ್ಯಾನ್ ಒಣ ಜಾಗದಲ್ಲಿಡು, ಅಲುಗಾಡಿಸದೆ ಸುರಿ, ತಳದ ಒಂದು ಲೀಟರ್ ಗಾಡಿಗೆ ಹಾಕ್ಬೇಡ. ಬಂಕಲ್ಲಿ ಡೀಸೆಲ್ ಮೇಲೆ ಅನುಮಾನ ಬಂದ್ರೆ ಡೆನ್ಸಿಟಿ ನೋಡಿ ತೋರ್ಸಿ ಅಂತ ಕೇಳು. ಕೇಳೋ ಹಕ್ಕು ಗಿರಾಕಿಗದೆ, ಸಂಕೋಚ ಬೇಡ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದ್ಸಲ ಫಿಲ್ಟರ್ ತಳದ ನೀರು ಬಿಡು. ಡೀಸೆಲ್ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಕ್ಕೆ ಬಿಡಬೇಡ. ಹೊಲದಲ್ಲಿ ಗಾಡಿ ವಾರೆಯಾಗಿ ನಿಂತಾಗ ಪೈಪಿನ ಬಾಯಿ ಡೀಸೆಲ್‌ನಿಂದ ಮೇಲೆ ಬಂದು ಗಾಳಿ ಎಳೀತದೆ. ಎಂಜಿನ್ನಿಂದ ವಾಪಸ್ ಬರೋ ಬಿಸಿ ಡೀಸೆಲ್ ತಣ್ಣಗಾಗಕ್ಕೂ ಟ್ಯಾಂಕಲ್ಲಿ ಡೀಸೆಲ್ ಇರಬೇಕು. ಕೋಟೆ ಕಡೆ ಓಡಾಡೋನು ನೀನು, ಅಲ್ಲಿ ಕಾಡಿನ ಬಾವಲಿ ರಸ್ತೇಲಿ ರಾತ್ರಿ ಗಾಡಿ ಬಿಡಲ್ಲ. ಸಂಜೆ ಆರಕ್ಕೆ ಗೇಟ್ ಹಾಕೋ ಹೊತ್ತಲ್ಲಿ ಕಾಡೊಳಗೆ ಏರ್ ಹಿಡ್ಕಂಡು ನಿಂತ್ರೆ ಯಾರನ್ನ ಕರೀತೀಯ?

ಗಾಡಿಯವನು: ಒಟ್ಟು ಎಷ್ಟಾಯ್ತು ಅಣ್ಣ?

ಮೆಕ್ಯಾನಿಕ್: ಫಿಲ್ಟರು, ಪೈಪು, ಎರಡು ಕ್ಲಾಂಪು, ಟ್ಯಾಂಕ್ ಇಳಿಸಿ ತೊಳೆದ ಕೂಲಿ. ನಾಲ್ಕು ಸಾವಿರ ದಾಟಲ್ಲ. ಆದ್ರೆ ದುಡ್ಡು ಈಗ ಬೇಡ. ಮೊದಲು ಲೋಡ್ ಹಾಕ್ಕಂಡು ಏರು ಹತ್ತಿಸ್ಕಂಡು ಬಾ. ಖಾಲಿ ಗಾಡಿ ಓಡಿಸಿ ಸರಿ ಹೋಯ್ತು ಅನ್ನೋ ರಿಪೇರೀನ ನಾನು ರಿಪೇರಿ ಅನ್ನಲ್ಲ.

ಗಾಡಿಯವನು: ನಿನ್ನೆ ಅಲ್ಲಿ 60 ಸಾವಿರ ಅಂದೋರ ಮೇಲೆ ಸಿಟ್ಟು ಬತ್ತಾ ಅದೆ.

ಮೆಕ್ಯಾನಿಕ್: ಸಿಟ್ಟಿಂದ ಏನೂ ಬರಲ್ಲ. ಮುಂದೆ ಯಾವ ಗ್ಯಾರೇಜಿಗೆ ಹೋದ್ರೂ, ನನ್ನ ಹತ್ರ ಬಂದ್ರೂ, ಪಂಪ್ ಅಂದ ತಕ್ಷಣ ಮೂರು ಮಾತು ಕೇಳು. ಲೋ ಪ್ರೆಷರ್ ಲೈನ್ ಅಳೆದ್ರಾ? ಗಾಳಿ ಬತ್ತಾ ಅದಾ ನೋಡಿದ್ರಾ? ಇಂಜೆಕ್ಟರ್ ರಿಟರ್ನ್ ಬಾಟಲಿಗೆ ಹಿಡಿದ್ರಾ? ಮೂರಕ್ಕೂ ಉತ್ತರ ಕೊಟ್ಟು ಕಣ್ಣಿಗೆ ತೋರಿಸಿದ್ರೆ ಅವರ ಮಾತು ನಂಬು, ದುಡ್ಡು ಕೊಡು. ತೋರಿಸದಿದ್ರೆ ಗಾಡಿ ಅಲ್ಲಿಂದ ತಗಂಡು ಬಾ.